ಆ ಡಿಸಿ ಎಲ್ಲಿದೆ?

(ಪೀಣ್ಯದ ಸಣ್ಣ ಕಾರ್ಖಾನೆಯವರ ಒಂದು ಸಂಜೆ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಆವತ್ತು ಹೇಳಲು ಮರೆತದ್ದನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನನ್ನು ಇಲ್ಲಿ ನಿಲ್ಲಿಸಿರುವುದು ಕಂಪ್ಯೂಟರ್ ಚೆನ್ನಾಗಿ ಗೊತ್ತು ಅಂತಲ್ಲ. ನನ್ನದು ಹದಿನಾಲ್ಕು ಜನರ ಮಷಿನ್ ಶಾಪ್. ಎರಡು ಸಿಎನ್‌ಸಿ, ಒಂದು ವಿಎಂಸಿ, ಮೂರು ಹಳೇ ಲೇತು. ದೊಡ್ಡ ಕಂಪನಿಗಳಿಗೆ ಜಾಬ್ ವರ್ಕ್, ಅಂದರೆ ಅವರು ಕಳಿಸಿದ ಮಾಲಿನ ಮೇಲೆ ಕೆಲಸ, ಮಾಡಿಕೊಡುತ್ತೇವೆ. ಕಾಗದ ಪತ್ರದ ವಿಷಯದಲ್ಲಿ ಒಮ್ಮೆ ಚೆನ್ನಾಗಿ ಪೆಟ್ಟು ತಿಂದಿದ್ದೇನೆ. ಅದಕ್ಕೇ ಕರೆದಿದ್ದಾರೆ.

ಪೆಟ್ಟಿನ ಕಥೆಯಿಂದಲೇ ಶುರು ಮಾಡುತ್ತೇನೆ. ಒಂದು ಕಂಪನಿಗೆ 240 ಶಾಫ್ಟ್ ಕಳಿಸಿದ್ದೆವು. ಐದು ತಿಂಗಳಾದ ಮೇಲೆ ಅವರ ಸ್ಟೋರ್ಸಿನಿಂದ ಫೋನ್ ಬಂತು. ಆ ಲಾಟ್ ನಮಗೆ ಬಂದೇ ಇಲ್ಲ ಅಂದರು. ನಾವು ಕಳಿಸಿದ್ದೇವೆ ಸಾರ್ ಅಂದೆ. ಹಾಗಾದ್ರೆ ಸೀಲು ಸಹಿ ಇರೋ ಡಿಸಿ ತೋರಿಸಿ ಅಂದರು. ಡಿಸಿ ಅಂದರೆ ಡೆಲಿವರಿ ಚಲನ್, ಮಾಲಿನ ಜೊತೆ ಹೋಗಿ ತಗೊಂಡವರ ಸಹಿ ಹಾಕಿಸಿಕೊಂಡು ಬರುವ ಚೀಟಿ. ನ್ಯಾಯವಾದ ಮಾತೇ. ಆದರೆ ಆ ಡಿಸಿ ಎಲ್ಲಿದೆ?

ಅದು ಗೊತ್ತಿದ್ದವರು ಒಬ್ಬರೇ, ನಮ್ಮ ಆಫೀಸಿನ ಅಕ್ಕ. ಶಾಪಿನಲ್ಲಿ ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುವುದು. ಅವರು ಮಗಳ ಬಾಣಂತನಕ್ಕೆ ಅಂತ ಹಾಸನಕ್ಕೆ ಹೋಗಿದ್ದರು. ಫೋನ್ ಮಾಡಿದರೆ ಹಿಂದಿನಿಂದ ಮಗು ಅಳುವುದು ಕೇಳುತ್ತಿತ್ತು. ಪಾಪ, ಅಳುವಿನ ಮಧ್ಯೆಯೇ "ಬೀರು ಮೇಲಿನ ಎರಡನೇ ಬಾಕ್ಸ್ ಫೈಲ್ ನೋಡಿ ಸಾರ್, ಇಲ್ಲಾಂದ್ರೆ ನೀಲಿ ರಟ್ಟಿಂದು" ಅಂದರು. ಮೂರು ದಿನ ಹುಡುಕಿದೆವು. ಸಿಗಲಿಲ್ಲ. ಕಂಪನಿಯವರು ಡೆಬಿಟ್ ನೋಟ್ ಹಾಕಿ ಆ ದುಡ್ಡು ನಮ್ಮ ಲೆಕ್ಕದಿಂದ ಕಡಿದರು, ನಾವು ಒಪ್ಪಿಕೊಂಡೆವು. ಇನ್ನೂ ಮೂರು ತಿಂಗಳಾದ ಮೇಲೆ ಡಿಸಿ ಸಿಕ್ಕಿತು. ಟೆಂಪೊ ಡ್ರೈವರ್ ಸೀಟಿನ ಕೆಳಗೆ, ಟೋಲ್ ಚೀಟಿಗಳ ಮಧ್ಯೆ, ಸೀಲು ಸಹಿ ತಾರೀಖು ಎಲ್ಲ ಸರಿಯಾಗಿಯೇ ಇತ್ತು.

ಅಂದರೆ ಅಕ್ಕನ ತಪ್ಪು ಏನೂ ಇರಲಿಲ್ಲ. ಆ ಕಾಗದ ಅವರ ಕೈಗೆ ಬಂದೇ ಇರಲಿಲ್ಲ. ಬಂದಿಲ್ಲ ಅಂತ ಗೊತ್ತಾಗುವ ದಾರಿಯೂ ನಮ್ಮಲ್ಲಿ ಇರಲಿಲ್ಲ. ಇದು ನನಗೆ ಅರ್ಥವಾಗಲು ಇನ್ನೊಂದು ವರ್ಷ ಬೇಕಾಯಿತು. ಯಾಕೆಂದರೆ ಮಧ್ಯೆ ನಾನು ಒಂದು ಸಾಫ್ಟ್‌ವೇರ್ ಕೊಂಡೆ.

ಕೊಳ್ಳುವುದೇನೋ ಸಲೀಸು. ಒಬ್ಬರು ಬಂದು ಲ್ಯಾಪ್‌ಟಾಪಿನಲ್ಲಿ ತೋರಿಸಿದರು. ಸರ್ಚ್ ಒತ್ತಿದರೆ ಬಿಲ್ಲು ಕಣ್ಣ ಮುಂದೆ. ನಾನು ಮರುಳಾದೆ. ಏಳು ವರ್ಷದ ಫೈಲುಗಳನ್ನೆಲ್ಲ ಕೆಳಗಿಳಿಸಿ, ಇಬ್ಬರು ಹುಡುಗರನ್ನು ಕೂರಿಸಿ ಸ್ಕ್ಯಾನ್ ಮಾಡಿಸಿದೆ. ಸಾವಿರಾರು ಹಾಳೆ. ಮೆಷಿನ್ ಕೊಟ್ಟ ಹೆಸರೇ ಫೈಲಿನ ಹೆಸರು: ಸ್ಕ್ಯಾನ್ 0001, ಸ್ಕ್ಯಾನ್ 0002. ಮೊದಲು ಬೀರುವಿನಲ್ಲಿ ಹುಡುಕುತ್ತಿದ್ದೆವು, ಆಮೇಲೆ ಕಂಪ್ಯೂಟರಿನಲ್ಲಿ ಹುಡುಕುವುದಕ್ಕೆ ಶುರು ಮಾಡಿದೆವು. ಅಷ್ಟೇ ವ್ಯತ್ಯಾಸ. ಹಳೆಯದು ಮುಗಿಯುವಷ್ಟರಲ್ಲಿ ಹೊಸ ಕಾಗದ ಅಕ್ಕನ ಮೇಜಿನ ಮೇಲೆ ಗುಡ್ಡೆಯಾಗಿತ್ತು. ಮುಂದಿನ ವರ್ಷದ ಸಬ್‌ಸ್ಕ್ರಿಪ್ಷನ್ ನಾನು ಕಟ್ಟಲೇ ಇಲ್ಲ.

ಎರಡನೇ ಸಲ ನೂರು ಪುಟದ ಒಂದು ನೋಟ್ ಪುಸ್ತಕದಿಂದ ಶುರು ಮಾಡಿದೆವು. ಒಂದು ತಿಂಗಳು ಅಕ್ಕ ಅದರಲ್ಲಿ ಬರೆದದ್ದು ಇಷ್ಟೇ: ಯಾರು ಬಂದು ಯಾವ ಕಾಗದ ಕೇಳಿದರು, ಏನು ಹೇಳಿ ಕೇಳಿದರು. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಗಿರಾಕಿ ಕಂಪನಿಯವರು ಕೇಳುವುದು ಪಿಒ, ಅಂದರೆ ಅವರ ಖರೀದಿ ಆರ್ಡರ್ ನಂಬರ್ ಹೇಳಿ. ಆಡಿಟರ್ ಕೇಳುವುದು ತಿಂಗಳು ಹೇಳಿ. ಜಿಎಸ್‌ಟಿ ಕಡೆಯಿಂದ ಕೇಳುವುದು ಇನ್ವಾಯ್ಸ್ ನಂಬರ್ ಮೇಲೆ. ನಮ್ಮ ಸೂಪರ್‌ವೈಸರ್ ಕೇಳುವುದು ಪಾರ್ಟ್ ನಂಬರ್, ಅದೂ ಅರ್ಧ. "ಆ 47ರದ್ದು ಡ್ರಾಯಿಂಗ್ ಕೊಡಿ ಅಕ್ಕ." ಅರ್ಧಕ್ಕಿಂತ ಜಾಸ್ತಿ ಕೇಳಿಕೆ ಡಿಸಿ ಮತ್ತು ಡ್ರಾಯಿಂಗ್ ಬಗ್ಗೆಯೇ ಇತ್ತು. ಕರೆಂಟ್ ಬಿಲ್ಲನ್ನು ಒಬ್ಬರೂ ಕೇಳಿರಲಿಲ್ಲ. ನಮ್ಮ ಆಫೀಸಿನಲ್ಲಿ ಅತಿ ಅಚ್ಚುಕಟ್ಟಾಗಿ ಇದ್ದದ್ದು ಕರೆಂಟ್ ಬಿಲ್ಲಿನ ಫೈಲ್!

ನಾವೆಲ್ಲ ಕಾಗದವನ್ನು ಇಡುವವರ ಕಣ್ಣಿನಿಂದ ಜೋಡಿಸುತ್ತೇವೆ. ಕೇಳುವವರು ಏನು ಹಿಡಿದು ಬರುತ್ತಾರೆ ಅಂತ ಮೊದಲು ನೋಡಿಕೊಂಡರೆ, ಮುಂದಿನ ಕೆಲಸ ಎಷ್ಟೋ ಹಗುರ. ನೀವು ಬೇರೆ ಏನೂ ಮಾಡದಿದ್ದರೂ ಒಂದು ತಿಂಗಳು ಆ ಪುಸ್ತಕ ಬರೆಸಿ.

ಆಮೇಲೆ ನಾವು ಮಾಡಿದ್ದು ಇದು. ಏಪ್ರಿಲ್ 1ರಿಂದ ಬರುವ ಹೊಸ ಕಾಗದ ಮಾತ್ರ. ಹಳೆಯದರ ತಂಟೆಗೇ ಹೋಗಲಿಲ್ಲ. ಅದರಲ್ಲೂ ಮೊದಲ ಮೂರು ತಿಂಗಳು ಡಿಸಿ ಒಂದೇ. ಒಂದು ಎಕ್ಸೆಲ್ ಹಾಳೆ: ಡಿಸಿ ನಂಬರ್, ತಾರೀಖು, ಗಿರಾಕಿ, ಪಿಒ ನಂಬರ್, ಪಾರ್ಟ್ ನಂಬರ್, ಎಷ್ಟು ಪೀಸ್. ಕೊನೆಯ ಕಾಲಂ "ಸಹಿ ಬಂತಾ?" ಸಹಿ ಆದ ಕಾಪಿ ಕೈಗೆ ಬಂದ ದಿನ ಅಲ್ಲಿ ತಾರೀಖು ಬೀಳಬೇಕು. ಶನಿವಾರ ಅಕ್ಕ ಆ ಕಾಲಂ ನೋಡುತ್ತಾರೆ. ಖಾಲಿ ಇದ್ದ ಕಡೆಗೆಲ್ಲ ಫೋನ್. ಡ್ರೈವರಿಗೂ ಒಂದು ಮಾತು ಹೇಳಿದೆವು: ಗೇಟಿನಲ್ಲಿ ಸಹಿ ಆದ ತಕ್ಷಣ ಫೋಟೊ ಕಳಿಸಬೇಕು, ಟ್ರಿಪ್ಪಿನ ದುಡ್ಡು ಡಿಸಿ ಕೊಟ್ಟ ಮೇಲೆ. ಒಂದು ವಾರ ಗೊಣಗಿದ. ಆಮೇಲೆ ಅಭ್ಯಾಸವಾಯಿತು. ನಿಜ ಹೇಳಬೇಕೆಂದರೆ ನಮ್ಮ ಇಡೀ ವ್ಯವಸ್ಥೆಯಲ್ಲಿ ದುಡ್ಡು ಉಳಿಸಿದ್ದು ಈ ಒಂದು ಕಾಲಂ.

ಆ ಸಹಿಗೆ ಇಷ್ಟು ಬೆಲೆ ಯಾಕೆ? 2006ರ ಎಂಎಸ್‌ಎಂಇಡಿ ಕಾಯಿದೆ ಗೊತ್ತಿದೆಯಲ್ಲ, ಸಣ್ಣ ಉದ್ಯಮಗಳಿಗೆ ಅಂತ ಮಾಡಿದ್ದು. ನಮ್ಮಂಥ ಸಣ್ಣವರಿಂದ ಮಾಲು ತಗೊಂಡವರು ಒಪ್ಪಿದ ದಿನದೊಳಗೆ, ಏನೇ ಒಪ್ಪಂದ ಇದ್ದರೂ 45 ದಿನ ಮೀರದಂತೆ ದುಡ್ಡು ಕೊಡಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆ ದಿನ ಎಣಿಸುವುದು ಎಲ್ಲಿಂದ? ಮಾಲು ತಲುಪಿದ 15 ದಿನದೊಳಗೆ ಅವರು ಬರವಣಿಗೆಯಲ್ಲಿ ತಕರಾರು ಎತ್ತದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ದಿನ. ತಲುಪಿದ್ದು ಯಾವತ್ತು ಅಂತ ಹೇಳುವುದು ಆ ಡಿಸಿ ಮೇಲಿನ ಸಹಿ, ತಾರೀಖು. ಬಾಕಿ ದುಡ್ಡಿಗೆ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಹಾಕಲು ಹೋದರೆ ಕೈಯಲ್ಲಿ ಪಿಒ, ಇನ್ವಾಯ್ಸ್, ಡಿಸಿ ಮೂರೂ ಜೊತೆಗಿರಬೇಕು. ಬೇರೆ ಬೇರೆ ಬೀರುವಿನಲ್ಲಿ ಇದ್ದರೆ ಕಾಯಿದೆ ಇದ್ದೂ ಇಲ್ಲದ ಹಾಗೆ.

ಜಾಬ್ ವರ್ಕಿನವರಿಗೆ ಇನ್ನೊಂದು ಗಡುವು ಇದೆ. ಗಿರಾಕಿ ಕಳಿಸಿದ ಕಚ್ಚಾಮಾಲು 1 ವರ್ಷದೊಳಗೆ ವಾಪಸ್ ಹೋಗಬೇಕು. ಇಲ್ಲದಿದ್ದರೆ ಕಳಿಸಿದ ದಿನವೇ ಅವರು ನಮಗೆ ಮಾರಿದಂತೆ ಲೆಕ್ಕ, ತೆರಿಗೆ ಅವರ ತಲೆಗೆ. ಯಂತ್ರದಂಥ ಕ್ಯಾಪಿಟಲ್ ಗೂಡ್ಸ್ ಆದರೆ 3 ವರ್ಷ. ಹಾಗಾಗಿ ಒಳಗೆ ಬಂದ ಚಲನ್ನಿಗೂ ಹೊರಗೆ ಹೋದ ಡಿಸಿಗೂ ಕೊಂಡಿ ಇರಲೇಬೇಕು. ನಾವು ಹೊರಗಿನ ಡಿಸಿ ಮೇಲೆ ಒಳಗೆ ಬಂದ ಚಲನ್ ನಂಬರ್ ಬರೆಯುತ್ತೇವೆ. ಇಷ್ಟು ಸಣ್ಣ ಕೆಲಸ. ಇದಿಲ್ಲದೆ ಐಟಿಸಿ-04, ಅಂದರೆ ಜಾಬ್ ವರ್ಕಿಗೆ ಕಳಿಸಿದ ಮಾಲಿನ ಲೆಕ್ಕದ ಜಿಎಸ್‌ಟಿ ಫಾರಂ, ತುಂಬುವ ಹೊತ್ತಿಗೆ ಗಿರಾಕಿಯ ಅಕೌಂಟ್ಸ್‌ನವರು ನಮ್ಮ ಪ್ರಾಣ ತಿನ್ನುತ್ತಿದ್ದರು.

ಈಗ ಎಷ್ಟು ವರ್ಷ ಇಡಬೇಕು ಅನ್ನುವ ಪ್ರಶ್ನೆ. "ಏಳೆಂಟು ವರ್ಷ ಇಡಿ" ಅಂತ ಎಲ್ಲರೂ ಅಂದಾಜಿನಲ್ಲಿ ಹೇಳುತ್ತಾರೆ. ಜಿಎಸ್‌ಟಿ ಕಾಯಿದೆಯ 36ನೇ ಸೆಕ್ಷನ್ ಹೇಳುವುದು, ಆ ವರ್ಷದ ವಾರ್ಷಿಕ ರಿಟರ್ನ್ ಕೊಡಬೇಕಾದ ಕಡೇ ದಿನದಿಂದ 72 ತಿಂಗಳು. 2024-25ರ ಕಾಗದ ಅಂದುಕೊಳ್ಳಿ. ರಿಟರ್ನಿನ ಕಡೇ ದಿನ 2025ರ ಡಿಸೆಂಬರ್ 31. ಅಲ್ಲಿಂದ ಆರು ವರ್ಷ, ಅಂದರೆ 2031ರ ಡಿಸೆಂಬರ್ 31. ಕೇಸು, ಅಪೀಲು ನಡೆಯುತ್ತಿದ್ದರೆ ಅದು ಮುಗಿದು ಒಂದು ವರ್ಷದವರೆಗಂತೂ ಇಡಬೇಕು. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಕಂಪನಿ ಕಾಯಿದೆಯ ಪ್ರಕಾರ ಲೆಕ್ಕದ ಪುಸ್ತಕ ಮತ್ತು ಅದಕ್ಕೆ ಸೇರಿದ ವೋಚರ್ 8 ಹಣಕಾಸು ವರ್ಷ. ನಾವು ಬಾಕ್ಸ್ ಫೈಲಿನ ಬೆನ್ನಿನ ಮೇಲೆಯೇ "2031 ಡಿಸೆಂಬರ್‌ವರೆಗೆ" ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತೇವೆ. ಬಾಡಿಗೆ ಕರಾರು, ಪಾಲುದಾರಿಕೆ ಪತ್ರ, ಶೆಡ್ಡಿನ ಪತ್ರಗಳು, ಸಾಲದ ಪತ್ರಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಅವು ಬೇರೆಯೇ ಕಬ್ಬಿಣದ ಪೆಟ್ಟಿಗೆಯಲ್ಲಿ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. ಫೈಲಿಗೆ ನಾವು ಕನ್ನಡದಲ್ಲಿ ಕಡತ ಅನ್ನುತ್ತೇವಲ್ಲ, ಆ ಕಡತ ನಿಜಕ್ಕೂ ಒಂದು ವಸ್ತು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಸವರಿ ಒಣಗಿಸುತ್ತಿದ್ದರು. ಕಪ್ಪಗೆ ಗಟ್ಟಿಯಾದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಇತಿಹಾಸ ಬರೆಯುವವರಿಗೆ ಆಧಾರ. ಅದರ ಅನುಕೂಲ ಏನೆಂದರೆ ಒರೆಸಿ ಮತ್ತೆ ಬರೆಯಬಹುದು. ಅದೇ ತೊಂದರೆ ಕೂಡ. ಜಿಎಸ್‌ಟಿ ನಿಯಮ 56 ಒರೆಸಬೇಡಿ, ಅಳಿಸಬೇಡಿ, ಮೇಲೆ ಬರೆಯಬೇಡಿ ಅನ್ನುತ್ತದೆ. ಕಂಪ್ಯೂಟರಿನಲ್ಲಿ ಲೆಕ್ಕ ಇಟ್ಟರೆ ತಿದ್ದಿದ್ದು, ಅಳಿಸಿದ್ದು ಎಲ್ಲದರ ದಾಖಲೆ ಉಳಿಯಬೇಕು. ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರಿಗೆ ಈ ಮಾತು 2023ರ ಏಪ್ರಿಲ್ 1ರಿಂದ ಕಡ್ಡಾಯ. ನಮ್ಮ ಎಕ್ಸೆಲ್ ಹಾಳೆ ಒಂಥರಾ ಹಳೇ ಕಡತವೇ. ಯಾರು ಬೇಕಾದರೂ ಒರೆಸಬಹುದು. ಅದಕ್ಕೇ ಅದನ್ನು ಹುಡುಕುವ ಪಟ್ಟಿಯಾಗಿ ಮಾತ್ರ ಇಟ್ಟುಕೊಂಡಿದ್ದೇವೆ. ಲೆಕ್ಕ ಇರುವುದು ಟ್ಯಾಲಿಯಲ್ಲಿ.

ಫೈಲಿನ ಹೆಸರಿಗೆ ಬರುತ್ತೇನೆ. ಇದನ್ನು ಯಾರೂ ಗಂಭೀರವಾಗಿ ತಗೊಳ್ಳುವುದಿಲ್ಲ. ನಾವು ಹೆಸರು ಕೊಡುವುದು ಹೀಗೆ: 2025-06-14, ಡಿಸಿ, 0412, ಆಮೇಲೆ ಪಿಒ ನಂಬರ್. ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ. ನಾವು ಬರೆದು ರೂಢಿಯಾದ ಹಾಗೆ 14-06-2025 ಅಂತ ಇಟ್ಟರೆ ಕಂಪ್ಯೂಟರ್ ಎಲ್ಲಾ ವರ್ಷದ ಎಲ್ಲಾ ತಿಂಗಳ 14ನೇ ತಾರೀಖುಗಳನ್ನು ಒಟ್ಟಿಗೆ ಗುಡ್ಡೆ ಹಾಕುತ್ತದೆ. ತಲೆಕೆಳಗೆ ಬರೆದರೆ ತಾನಾಗಿಯೇ ಸಾಲಾಗಿ ನಿಲ್ಲುತ್ತದೆ. "ಹೊಸದು", "ಫೈನಲ್", "ಫೈನಲ್ 2" ಈ ಪದಗಳಿಗೆ ನಮ್ಮಲ್ಲಿ ಜಾಗ ಇಲ್ಲ.

ಕಾಗದವನ್ನು ಡಿಸಿ ನಂಬರಿನ ಸಾಲಿನಲ್ಲೇ ಇಡುತ್ತೇವೆ. ನೂರು ಡಿಸಿಗೆ ಒಂದು ಬಾಕ್ಸ್ ಫೈಲ್. ಗಿರಾಕಿಗೊಂದು ಫೈಲ್ ಅಂತ ಮೊದಲು ಇತ್ತು, ಬಿಟ್ಟೆವು. ಗಿರಾಕಿ ಹೆಸರು ಬೇಕಿದ್ದರೆ ಎಕ್ಸೆಲ್ ಹೇಳುತ್ತದೆ. ಆ ಪಟ್ಟಿ ನಂಬರ್ ಹೇಳಿದರೆ ಸಾಕು, ಕಾಗದ ಒಂದು ನಿಮಿಷದಲ್ಲಿ ಕೈಗೆ ಬರುತ್ತದೆ. ಸ್ಕ್ಯಾನ್ 300 ಡಿಪಿಐ ಸಾಕು. ಎರಡೂ ಬದಿ ತಾನೇ ಓದುವ, ಹಾಳೆ ತಾನೇ ಎಳೆದುಕೊಳ್ಳುವ ಸ್ಕ್ಯಾನರ್ ಇದ್ದರೆ ಒಳ್ಳೇದು. ಕಟಿಂಗ್ ಆಯಿಲ್ ಅಂಟಿದ ಹಾಳೆ ಅದರೊಳಗೆ ಹಾಕಬೇಡಿ, ರೋಲರ್ ಜಾರಲು ಶುರುವಾಗುತ್ತದೆ. ಅಂಥದ್ದಕ್ಕೆ ಮೊಬೈಲ್ ಫೋಟೊ ಸಾಕು. ಇನ್ನೊಂದು, ವೇ ಬ್ರಿಡ್ಜ್ ಚೀಟಿ, ಪೆಟ್ರೋಲ್ ಬಂಕ್ ಬಿಲ್ಲು ಬರುವುದು ಥರ್ಮಲ್ ಪೇಪರಿನಲ್ಲಿ. ಬಿಸಿಲು, ಬಿಸಿ ತಾಗಿದರೆ ಅಕ್ಷರ ಮಾಯ. ಅದನ್ನು ಬಂದ ದಿನವೇ ಸ್ಕ್ಯಾನ್ ಮಾಡಿ.

ಸ್ಕ್ಯಾನ್ ಮಾಡಿದ ಮೇಲೆ ಕಾಗದ ಎಸೆಯಬಹುದಾ? 2000ದ ಐಟಿ ಕಾಯಿದೆ ಎಲೆಕ್ಟ್ರಾನಿಕ್ ರೂಪದಲ್ಲಿ ದಾಖಲೆ ಇಡಲು ಒಪ್ಪುತ್ತದೆ. ಆದರೆ ಜಗಳ ಕೋರ್ಟಿಗೆ ಹೋದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಷ್ (ಫೈಲು ಬದಲಾಗಿಲ್ಲ ಅಂತ ತೋರಿಸುವ ಅಂಕಿ-ಅಕ್ಷರದ ಗುರುತು) ಕೂಡ ಇರಬೇಕು. ನನ್ನ ಲೆಕ್ಕ ಸರಳ. ಸ್ಕ್ಯಾನ್ ಹುಡುಕಲು, ಕಾಗದ ಜಗಳಕ್ಕೆ. ಬೇರೆಯವರ ಸಹಿ ಇರುವ ಯಾವ ಹಾಳೆಯನ್ನೂ ಅವಧಿ ಮುಗಿಯುವವರೆಗೆ ಎಸೆಯುವುದಿಲ್ಲ.

ಡ್ರಾಯಿಂಗ್ ವಿಷಯ ಬೇರೆ. ಡಿಸಿ ಕಳೆದರೆ ದುಡ್ಡು ಹೋಗುತ್ತದೆ, ಡ್ರಾಯಿಂಗ್ ಕಳೆದರೆ ಕೇಳಿ ಇನ್ನೊಂದು ತರಿಸಬಹುದು. ಆದರೆ ಹಳೇ ಡ್ರಾಯಿಂಗ್ ಕಳೆಯದೇ ಉಳಿದರೆ? ನಮ್ಮಲ್ಲಿ ಅದೇ ಆಯಿತು. ಗಿರಾಕಿ ತಿದ್ದಿದ ಹೊಸ ಡ್ರಾಯಿಂಗ್, ರಿವಿಷನ್ ಸಿ, ಮೇಲ್ ಮಾಡಿದ್ದರು. ಆಫೀಸಿನಲ್ಲಿ ಸಿ ಇತ್ತು. ಮಷಿನ್ ಪಕ್ಕ ಗೋಡೆಗೆ ಅಂಟಿಸಿದ್ದು ಬಿ. ಒಂದು ಬೋರಿನ (ರಂಧ್ರದ) ಟಾಲರೆನ್ಸ್, ಅಂದರೆ ಅಳತೆ ಎಷ್ಟು ಆಚೀಚೆ ಆಗಬಹುದು ಅನ್ನುವುದು, ಬದಲಾಗಿತ್ತು. ಇಡೀ ಲಾಟ್ ಸ್ಕ್ರ್ಯಾಪ್. ಈಗ ನಿಯಮ ಹೀಗಿದೆ: ಶಾಪಿಗೆ ಹೋಗುವ ಪ್ರಿಂಟ್ ಮೇಲೆ ಕೆಂಪು ಸೀಲು, ತಾರೀಖು. ಹೊಸದು ಬೇಕಿದ್ದರೆ ಹಳೆಯದನ್ನು ಕೈಗೆ ತಂದು ಕೊಡಬೇಕು, ಗ್ಯಾಸ್ ಸಿಲಿಂಡರ್ ಥರ. ಸೀಲಿಲ್ಲದ ಪ್ರಿಂಟ್ ಮೇಲೆ ಕೆಲಸ ಮಾಡುವ ಹಾಗಿಲ್ಲ. ಕಂಪ್ಯೂಟರಿನಲ್ಲಿ ಹಳೇ ರಿವಿಷನ್ ಅಳಿಸುವುದಿಲ್ಲ, ಬೇರೆ ಫೋಲ್ಡರಿಗೆ ಹಾಕುತ್ತೇವೆ. ಎರಡು ವರ್ಷದ ಹಿಂದಿನ ಪೀಸ್ ರಿಜೆಕ್ಟ್ ಆಗಿ ಬಂದರೆ ಆಗ ಯಾವ ಡ್ರಾಯಿಂಗ್ ಮೇಲೆ ಮಾಡಿದ್ದು ಅಂತ ತೋರಿಸಬೇಕಲ್ಲ.

ಬ್ಯಾಕಪ್ ಬಗ್ಗೆ ನೀವೆಲ್ಲ ಕೇಳಿರುತ್ತೀರಿ: ಮೂರು ಕಾಪಿ, ಎರಡು ಬಗೆಯ ಜಾಗ, ಒಂದು ಬೇರೆ ಊರಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ನಮ್ಮದು ಆಫೀಸ್ ಕಂಪ್ಯೂಟರ್, ಕ್ಲೌಡ್, ನನ್ನ ಮನೆಯಲ್ಲಿ ಒಂದು ಹಾರ್ಡ್ ಡಿಸ್ಕ್. ಎರಡು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಕ್ಲೌಡಿನಲ್ಲಿ ಸಿಂಕ್ ಆಗುತ್ತಿದೆ ಅಂದರೆ ಬ್ಯಾಕಪ್ ಆಯಿತು ಅಂತಲ್ಲ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಮತ್ತೆ, ಸದಾ ಕಂಪ್ಯೂಟರಿಗೆ ಚುಚ್ಚಿಟ್ಟ ಹಾರ್ಡ್ ಡಿಸ್ಕನ್ನು ರ್ಯಾನ್ಸಮ್‌ವೇರ್ ಕೂಡ ಕಾಣುತ್ತದೆ, ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಅದು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಜಗತ್ತಿನ ತುಂಬ ಓಡಾಡಿದ್ದು ನೆನಪಿರಬೇಕು. ನಮ್ಮ ಡಿಸ್ಕ್ ವಾರಕ್ಕೊಮ್ಮೆ ಬರುತ್ತದೆ, ಕಾಪಿ ಆಗುತ್ತದೆ, ಮನೆಗೆ ಹೋಗುತ್ತದೆ. ತಿಂಗಳಿಗೊಮ್ಮೆ ಅಕ್ಕ ಸುಮ್ನೆ ಒಂದು ಡಿಸಿ ನಂಬರ್ ಹೇಳುತ್ತಾರೆ, ನಾನು ಮನೆಯ ಡಿಸ್ಕಿನಿಂದ ಅದನ್ನು ತೆಗೆದು ಕಳಿಸಬೇಕು. ಒಂದು ಸಲ ತೆರೆಯಲೇ ಇಲ್ಲ. ಡಿಸ್ಕ್ ಕೆಟ್ಟು ಎಷ್ಟು ದಿನ ಆಗಿತ್ತೋ.

ಯಾರು ಏನು ನೋಡಬಹುದು ಅನ್ನುವುದನ್ನು ಬೇಗ ಮುಗಿಸುತ್ತೇನೆ. ಸಂಬಳ, ಬ್ಯಾಂಕ್, ಕೆಲಸಗಾರರ ಆಧಾರ್ ಇರುವ ಫೋಲ್ಡರ್ ಬೀಗದೊಳಗೆ. ಆಧಾರ್ ಕಾಪಿ ಬೇಕಿದ್ದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಆದದ್ದು ತಗೊಳ್ಳಿ. ಹುಡುಗ ಕೆಲಸ ಬಿಟ್ಟ ದಿನ ಅವನ ಪಾಸ್‌ವರ್ಡ್ ತೆಗೆಯಿರಿ, ಲೆಕ್ಕ ಚುಕ್ತಾ ಆದ ಮೇಲೆ ಅಂತ ಕಾಯಬೇಡಿ.

ಆಮೇಲೆ ಕೆಲವರು ಕೇಳಿದ ಪ್ರಶ್ನೆಗಳು.

ಯಾವ ಸಾಫ್ಟ್‌ವೇರ್ ತಗೋಬೇಕು? ಆರು ತಿಂಗಳು ಫೋಲ್ಡರ್ ಮತ್ತು ಎಕ್ಸೆಲ್ ನಡೆಸಿ ಅಂದೆ. ಅದು ನಡೆದರೆ ಆಗ ಏನು ಸಾಲುತ್ತಿಲ್ಲ ಅಂತ ನಿಮಗೇ ಗೊತ್ತಿರುತ್ತದೆ. ನಡೆಯದಿದ್ದರೆ ಸಾಫ್ಟ್‌ವೇರೂ ನಡೆಯುವುದಿಲ್ಲ. ಪೇಪರ್‌ಲೆಸ್-ಎನ್‌ಜಿಎಕ್ಸ್ ಅಂತ ಬಿಟ್ಟಿ ಓಪನ್ ಸೋರ್ಸ್ ಇದೆ, ಚೆನ್ನಾಗಿದೆ, ಆದರೆ ಅದನ್ನು ನೋಡಿಕೊಳ್ಳುವ ಹುಡುಗ ಬೇಕು. ದುಡ್ಡು ಕೊಟ್ಟು ಕೊಳ್ಳುವುದಾದರೆ ಮಾರುವವರಿಗೆ ಒಂದೇ ಪ್ರಶ್ನೆ ಕೇಳಿ: ನಾಳೆ ನಾನು ಬಿಟ್ಟು ಹೋದರೆ ನನ್ನ ಫೈಲುಗಳು ಹೆಸರು, ಪಟ್ಟಿ ಸಮೇತ ಪಿಡಿಎಫ್ ಆಗಿ ವಾಪಸ್ ಬರುತ್ತವಾ? ನಾನು ಕೇಳಿರಲಿಲ್ಲ.

ಕನ್ನಡದ ಕಾಗದ ಹುಡುಕಲು ಆಗುತ್ತಾ? ಅಚ್ಚಾದ ಕನ್ನಡವನ್ನು ಗೂಗಲ್ ಡ್ರೈವ್, ಟೆಸ್ಸರಾಕ್ಟ್ ತಕ್ಕಮಟ್ಟಿಗೆ ಓದುತ್ತವೆ. ಕೈಬರಹ ನೆಚ್ಚಿಕೊಳ್ಳಬೇಡಿ. ಹಳೇ ನುಡಿ ಫಾಂಟಿನಲ್ಲಿ, ಯುನಿಕೋಡ್‌ಗಿಂತ ಮುಂಚೆ ಟೈಪ್ ಮಾಡಿದ ಪತ್ರಗಳಿದ್ದರೆ ಅವು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಸರ್ಚ್ ಮಾಡಿದರೆ ಸಿಗುವುದಿಲ್ಲ. ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಗಳಿವೆ, ಬಳಸಿ.

ಎಲ್ಲ ವಾಟ್ಸಾಪಿನಲ್ಲೇ ಬರುತ್ತದಲ್ಲ? ಬರಲಿ. ಆದರೆ ಸಂಜೆಯೊಳಗೆ ಅದು ಫೋಲ್ಡರಿಗೆ ಹೋಗಬೇಕು. ಸೂಪರ್‌ವೈಸರ್ ಫೋನ್ ಕೆರೆಗೆ ಬಿದ್ದರೆ ಪಿಒ ಕೂಡ ಕೆರೆಗೆ.

ಹಳೇ ಏಳು ವರ್ಷದ ಗುಡ್ಡೆ? ಯಾರಾದರೂ ಕೇಳಿದ ಹಾಳೆ ಮಾತ್ರ ಸ್ಕ್ಯಾನ್ ಮಾಡುತ್ತೇವೆ. ಆಯುಧಪೂಜೆಗೆ ಮುಂಚೆ ಶಾಪ್ ತೊಳೆಯುವಾಗ ಬೀರುವೂ ಕೆಳಗಿಳಿಯುತ್ತದೆ. ಅವಧಿ ಮುಗಿದದ್ದನ್ನು ಆಡಿಟರಿಗೆ ಪಟ್ಟಿ ಕಳಿಸಿ, ಅವರು ಹೂಂ ಅಂದ ಮೇಲೆ ಶ್ರೆಡ್ಡರಿಗೆ. ರದ್ದಿ ಅಂಗಡಿಗೆ ಹಾಕುತ್ತಿಲ್ಲ. ಒಮ್ಮೆ ಜಾಲಹಳ್ಳಿ ಕ್ರಾಸಿನಲ್ಲಿ ಕಡ್ಲೆಕಾಯಿ ಪೊಟ್ಟಣ ಬಿಚ್ಚಿದರೆ ಒಳಗೆ ನಮ್ಮ ಗಿರಾಕಿಯ ಡ್ರಾಯಿಂಗ್ ಇತ್ತು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು, "ಸಾರ್, ನಿಮ್ಮನ್ನಲ್ಲ, ಅಕ್ಕನವರನ್ನೇ ಕೇಳ್ತೀನಿ. ದಿನಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ?" ಅಂದರು. ಅಕ್ಕ ಅಲ್ಲೇ ಕೂತಿದ್ದರು. ಎದ್ದು ನಿಂತರು.

"ನಾಲ್ಕೂವರೆಗೆ ಕೂತ್ರೆ ಐದಕ್ಕೆ ಮುಗಿಯುತ್ತೆ. ಒಂದಿನ ಬಿಟ್ರೆ ಮಾರನೇ ದಿನ ಒಂದೂವರೆ ಗಂಟೆ. ತಿಂಗಳ ಕೊನೇಲಿ ಇನ್ವಾಯ್ಸ್ ಕೆಲಸ ಇರುತ್ತೆ, ನನ್ ಕೈಲಿ ಆಗಲ್ಲ. ಆಗ ಸಾರೇ ಕೂತ್ಕೋಬೇಕು."

ಕೂತ್ಕೋತಾರಾ ಅಂತ ಯಾರೋ ಕೂಗಿದರು.

"ಕೂತ್ಕೋತಾರೆ. ಹೆಸರು ಮಾತ್ರ ತಪ್ಪು ಹಾಕ್ತಾರೆ. ಒಂದನೇ ತಾರೀಖು ನಾನು ಸರಿ ಮಾಡ್ತೀನಿ."